ಕೊಚ್ಚಿಯಿಂದ ಕೈರೋಗೆ ಹೋದ ಒಂದು ಪ್ರಶ್ನೆ: ರಬ್ಬಿಗಳ ಕಾಗದಗಳ ಬಗ್ಗೆ ಮಾತಾಡೋಣ

ಹಳೇ ಕಾಗದ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಒಂದು ವಿಷಯ ತಲೆಯಲ್ಲಿ ಕೂತಿದೆ. ಇಲ್ಲಿ ಇತಿಹಾಸ ಓದುವವರು ಜಾಸ್ತಿ ಇದ್ದೀರಿ, ಅದಕ್ಕೆ ಇಲ್ಲೇ ಹಾಕುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

16ನೇ ಶತಮಾನದ ಮೊದಲ ಭಾಗ. ಕೊಚ್ಚಿಯ ಯೆಹೂದಿಗಳ ಒಂದು ಪ್ರಶ್ನೆ ಕಡಲು ದಾಟಿ ಕೈರೋಗೆ ಹೋಗುತ್ತದೆ. ಅಲ್ಲಿ ಡೇವಿಡ್ ಬೆನ್ ಜಿಮ್ರಾ ಎಂಬ ರಬ್ಬಿ, ಅಂದರೆ ಯೆಹೂದಿ ಧರ್ಮಶಾಸ್ತ್ರ ಬಲ್ಲ ಗುರು, ಇದ್ದರು. ರದ್ಬಾಜ್ ಅಂತಲೇ ಹೆಸರುವಾಸಿ. ಹುಟ್ಟಿದ್ದು ಸ್ಪೇನಿನಲ್ಲಿ. 1492ರಲ್ಲಿ ಅಲ್ಲಿಂದ ಯೆಹೂದಿಗಳನ್ನೆಲ್ಲ ಹೊರಹಾಕಿದಾಗ ಇನ್ನೂ ಹುಡುಗ. ಮುಂದೆ ಈಜಿಪ್ಟಿನ ಯೆಹೂದಿಗಳಿಗೆ ಹಿರಿಯ ರಬ್ಬಿಯಾದರು.

ಪ್ರಶ್ನೆ ಹೀಗಿತ್ತು. ಕೊಚ್ಚಿಯಲ್ಲಿ ಸುಮಾರು 900 ಮನೆಗಳಿವೆ. ಅದರಲ್ಲಿ 100 ಮನೆಯವರು ಮೂಲದಿಂದಲೂ ಯೆಹೂದಿಗಳು, ಮನೆತನಸ್ಥರು. ಉಳಿದವರು ಹಣವಂತರು, ದೇವರಲ್ಲಿ ಭಕ್ತಿ ಇರುವವರು, ದಾನ ಮಾಡುವವರು. ಆದರೂ ಆ 100 ಮನೆಯವರು ಇವರನ್ನು ಗುಲಾಮರ ಸಂತತಿ ಎಂದು ದೂರ ಇಡುತ್ತಾರೆ. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಊರಲ್ಲಿ ಇದೇ ಜಗಳ. ನೀವೇ ಹೇಳಿ, ಇವರ ನಡುವೆ ಮದುವೆ ಆಗಬಹುದೋ ಬೇಡವೋ?

ರದ್ಬಾಜ್ ಉತ್ತರ ಕೊಟ್ಟರು. ಗುಲಾಮರನ್ನು ಶಾಸ್ತ್ರದ ಪ್ರಕಾರ ಬಿಡುಗಡೆ ಮಾಡಿದ್ದರೆ ಅವರೂ ಪೂರ್ತಿ ಯೆಹೂದಿಗಳೇ. ಆ ಬಗ್ಗೆ ಅನುಮಾನವಿದ್ದರೆ ಮತಾಂತರದ ವಿಧಿ, ಶುದ್ಧಿಸ್ನಾನ ಮಾಡಿಸಿ. ಆಮೇಲೆ ಮದುವೆಗೆ ಅಡ್ಡಿಯಿಲ್ಲ.

ಇಂಥ ಕಾಗದಗಳಿಗೆ ಹೀಬ್ರೂನಲ್ಲಿ 'ಶೆಎಲೋತ್ ಉತ್ಶುವೋತ್' ಎನ್ನುತ್ತಾರೆ. ಪ್ರಶ್ನೆಗಳು ಮತ್ತು ಉತ್ತರಗಳು ಅಂತ ಅಷ್ಟೇ ಅರ್ಥ. ಬಾಯಿಮಾತಿನಲ್ಲಿ 'ಶೂತ್'. ಒಂದು ಊರಿನ ರಬ್ಬಿಗೆ ಉತ್ತರ ಹೊಳೆಯದಿದ್ದರೆ ತನಗಿಂತ ತಿಳಿದವರಿಗೆ ಬರೆಯುತ್ತಾರೆ. ಅವರು ಬರೆದು ಕಳಿಸುತ್ತಾರೆ. ಸಾವಿರ ವರ್ಷಕ್ಕೂ ಮೇಲಿನ ರೂಢಿ ಇದು. ಮೊದಲು ಎಲ್ಲರೂ ಬರೆಯುತ್ತಿದ್ದದ್ದು ಇರಾಕಿನ ಎರಡು ದೊಡ್ಡ ವಿದ್ಯಾಪೀಠಗಳಿಗೆ, ಸೂರಾ ಮತ್ತು ಪುಂಬೆದಿತಾ. ಸ್ಪೇನಿನಿಂದ ಒಂದು ಸಲ ಪ್ರಾರ್ಥನೆಯ ಕ್ರಮ ಹೇಗೆ ಅಂತ ಕೇಳಿ ಬರೆದರು. ಸೂರಾದ ಅಮ್ರಾಮ್ ಗಾಓನ್ (ಗಾಓನ್ ಅಂದರೆ ವಿದ್ಯಾಪೀಠದ ಮುಖ್ಯಸ್ಥ) ವರ್ಷದ ಪ್ರಾರ್ಥನೆಗಳನ್ನೆಲ್ಲ ಸಾಲಾಗಿ ಬರೆದು ಕಳಿಸಿಬಿಟ್ಟರು. ಅದು 9ನೇ ಶತಮಾನ. 987ರಲ್ಲಿ ಟುನೀಶಿಯದ ಕೈರವಾನ್ ಊರಿನವರು ಇನ್ನೊಂದು ಕೇಳಿದರು: ನಮ್ಮ ಧರ್ಮಶಾಸ್ತ್ರದ ಮಿಶ್ನಾ, ತಾಲ್ಮುದ್ ಗ್ರಂಥಗಳು ಹುಟ್ಟಿದ್ದು ಹೇಗೆ? ಪುಂಬೆದಿತಾದ ಶೆರೀರಾ ಗಾಓನ್ ಬರೆದ ಉತ್ತರದಲ್ಲಿ ಗುರುಪರಂಪರೆ ಪೂರ್ತಿ ಬಂದುಬಿಟ್ಟಿದೆ. ಆ ಕಾಲದ ಯೆಹೂದಿ ಚರಿತ್ರೆ ಬರೆಯುವವರು ಇವತ್ತಿಗೂ ಆ ಒಂದು ಕಾಗದದ ಹತ್ತಿರ ಬಂದೇ ಬರುತ್ತಾರೆ.

ಈಗ ನನ್ನ ಪ್ರಶ್ನೆ. ಕೊಚ್ಚಿಗೆ ಉತ್ತರವೇನೋ ಬಂತು. ಆದರೆ ಆ 100 ಮನೆಯವರು ಅದನ್ನು ನಡೆಸಲಿಲ್ಲ. ಮುಂದೆ ಅಲೆಕ್ಸಾಂಡ್ರಿಯಾದ ರಬ್ಬಿ ಯಾಕೋಬ್ ಕಾಸ್ತ್ರೋ ಅವರ ಮುಂದೆಯೂ ಇದೇ ಪ್ರಶ್ನೆ ಬಂತು. ಅವರೂ ಅದನ್ನೇ ಹೇಳಿದರು. ಆಗಲೂ ನಡೆಯಲಿಲ್ಲ. ನಡೆಸದ ಉತ್ತರಕ್ಕೆ ಬೆಲೆ ಏನು? ಇದನ್ನು ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ.

ಕಡಲಕರೆ

ಹಳೇ ಕಾಗದ ಸರ್, ಈ ವಿಷಯ ಎತ್ತಿದ್ದಕ್ಕೆ ತುಂಬಾ ಸಂತೋಷ. ನಾನು ಮಂಗಳೂರಿನವನು. ನಿಮ್ಮ ಕಥೆಗೆ ನಮ್ಮೂರಿನಲ್ಲೇ ಒಂದು ಹಿನ್ನೆಲೆ ಇದೆ. ಹೇಳದೆ ಇರಲಾರೆ.

ಅಬ್ರಹಾಂ ಬೆನ್ ಯಿಜು ಎಂಬ ಟುನೀಶಿಯದ ಯೆಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಮಂಗಳೂರಿನ ಕಡೆ ಸುಮಾರು 17 ವರ್ಷ ಇದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ ಹೋಗುತ್ತಿತ್ತು. ಏಡನ್‌ನಿಂದ ಅವನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಕೂತು ಅವನು ಒಂದು ಪತ್ರ ಮಾಡಿಸಿದ. ಆಶು ಎಂಬ ದಾಸಿಗೆ ಬಿಡುಗಡೆ ಪತ್ರ. ಅದರಲ್ಲಿ ಅವಳಿಗೆ ಬೆರಾಖಾ ಅಂತ ಹೀಬ್ರೂ ಹೆಸರೂ ಇದೆ. ಆಶೀರ್ವಾದ ಅಂತ ಅರ್ಥ. ಆಶು ತುಳುನಾಡಿನವಳೋ ನಾಯರ್ ಹೆಣ್ಣೋ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಅವನ ಮಕ್ಕಳ ತಾಯಿ ಅವಳೇ ಎಂದು ಹೆಚ್ಚಿನವರು ಒಪ್ಪುತ್ತಾರೆ.

ನೋಡಿ, ರದ್ಬಾಜ್ ಕೊಚ್ಚಿಯವರಿಗೆ ಬರೆಯುವಾಗ ತೂಗಿ ನೋಡಿದ್ದು ಇದೇ ತರಹದ ಬಿಡುಗಡೆಯನ್ನು. ಅದಕ್ಕೆ ಸುಮಾರು 400 ವರ್ಷ ಮೊದಲೇ ನಮ್ಮ ಕಡಲತೀರದಲ್ಲಿ ಒಬ್ಬ ಆ ಕಾಗದವನ್ನು ಮಾಡಿಸಿ ಇಟ್ಟುಕೊಂಡಿದ್ದ. ಮುಂದೆ ಮಕ್ಕಳ ಕುಲದ ಬಗ್ಗೆ ಯಾರೂ ಬೆರಳು ತೋರಿಸಬಾರದು ಎಂಬ ಯೋಚನೆ ಅವನಿಗೆ ಇದ್ದೇ ಇತ್ತು ಅಂತ ನನಗೆ ಅನ್ನಿಸುತ್ತದೆ.

1149ರಲ್ಲಿ ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೋದ. ಅಲ್ಲಿಂದ ಮನೆಯವರಿಗೆ ಒಂದು ಕಾಗದ ಬರೆದ. ಅವರೂರು ಮಹದಿಯಾ ನಾರ್ಮನ್ನರ ಕೈಗೆ ಹೋಗಿತ್ತು. ಒಡಹುಟ್ಟಿದವರು ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಮುಂದೆ ಸೋದರನಿಗೆ, ನಿನ್ನ ಮಗನನ್ನು ಕಳಿಸು, ನನ್ನ ಮಗಳನ್ನು ಅವನಿಗೇ ಕೊಡುತ್ತೇನೆ ಅಂತ ಬರೆದ. 1156ರಲ್ಲಿ ಈಜಿಪ್ಟಿನಲ್ಲಿ ಮದುವೆ ಆಯಿತು. ಅಂದರೆ ಆಶುವಿನ ಮಗಳು ಟುನೀಶಿಯದ ಯೆಹೂದಿ ಮನೆಗೆ ಸೊಸೆಯಾಗಿ ಹೋದಳು. ಕೊಚ್ಚಿಯಲ್ಲಿ ಆಗದಿದ್ದದ್ದು ಇಲ್ಲಿ ಆಯಿತು.

ವಕೀಲ ಹಾಸನ

ಒಳ್ಳೆ ಚರ್ಚೆ. ನನಗೆ ಕಾನೂನಿನ ಕಡೆಯಿಂದ ಒಂದು ಅನುಮಾನ. ನಮ್ಮಲ್ಲಿ ಹೈಕೋರ್ಟ್ ತೀರ್ಪು ಕೊಟ್ಟರೆ ಕೆಳಗಿನ ಕೋರ್ಟು ಕೇಳಲೇಬೇಕು. ಈ ರಬ್ಬಿಗಳಲ್ಲಿ ಮೇಲೆ ಕೆಳಗೆ ಅಂತ ಇತ್ತಾ? ಕೈರೋ ರಬ್ಬಿ ಹೇಳಿದ್ದನ್ನು ಕೊಚ್ಚಿಯವರು ಯಾಕೆ ಕೇಳಬೇಕು?

ಹಳೇ ಕಾಗದ

ವಕೀಲರೇ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಮೇಲಿನ ಕೋರ್ಟು ಅಂತ ಇರಲಿಲ್ಲ. ಪೋಪ್ ಇರುವ ಹಾಗೆ ಒಬ್ಬ ಮುಖ್ಯಸ್ಥ ಇರಲಿಲ್ಲ. ಸೈನ್ಯ ಇಲ್ಲ, ಜೈಲು ಇಲ್ಲ. ಊರಿನ ಸಭೆ ಬಹಿಷ್ಕಾರ ಹಾಕಬಹುದಿತ್ತು, ಅದೂ ಆ ಊರಿನವರು ಮನಸ್ಸು ಮಾಡಿದರೆ ಮಾತ್ರ. ದೂರದ ಊರಿನ ರಬ್ಬಿ ಕೈಯಲ್ಲಿ ಇದ್ದದ್ದು ಪೆನ್ನು, ಕಾಗದ ಮತ್ತು ಅವರ ಹೆಸರು.

ಅದಕ್ಕೇ ಈ ಕಾಗದಗಳು ಬರೀ ಹೌದು, ಅಲ್ಲ ಅಂತ ಮುಗಿಯುವುದಿಲ್ಲ. ತಾಲ್ಮುದ್‌ನಲ್ಲಿ ಹೀಗಿದೆ, ಇಂಥವರು ಹೀಗೆ ಹೇಳಿದ್ದಾರೆ, ಇನ್ನೊಬ್ಬರು ಒಪ್ಪುವುದಿಲ್ಲ, ನನಗೆ ಹೀಗೆ ಕಾಣುತ್ತದೆ, ಯಾಕೆಂದರೆ ಹೀಗೆ. ಪೂರ್ತಿ ದಾರಿ ತೋರಿಸುತ್ತಾರೆ. ಓದಿದವರಿಗೆ ವಾದ ತಪ್ಪು ಅನ್ನಿಸಿದರೆ ವಾಪಸ್ ಬರೆಯಬಹುದು. ಬರೆಯುತ್ತಿದ್ದರು ಕೂಡ! ಇನ್ನೂ ಯೋಚಿಸಬೇಕು ಅಂತ ಹೇಳಿ ನಡುವೆಯೇ ನಿಲ್ಲಿಸಿದ ಉತ್ತರಗಳೂ ಇವೆ. ನನಗೆ ಅಂಥವನ್ನು ಕಂಡರೆ ಬಹಳ ಗೌರವ.

ಕಾಗದದ ಶೈಲಿಯೂ ಚೆನ್ನ. ನಮ್ಮ ಅಜ್ಜಂದಿರು 'ಉಭಯ ಕುಶಲೋಪರಿ ಸಾಂಪ್ರತ' ಅಂತ ಶುರು ಮಾಡುತ್ತಿದ್ದರಲ್ವಾ? ಇವರು ಎದುರಿನವರನ್ನು ಬೆಟ್ಟ, ದೀಪ, ಕೋಟೆ ಅಂತೆಲ್ಲ ಹೊಗಳಿ ಶುರು ಮಾಡುತ್ತಾರೆ. ಕೊನೆಯಲ್ಲಿ ತಮ್ಮ ಹೆಸರಿನ ಹಿಂದೆ 'ಚಿಕ್ಕವನು' ಅಂತ ಸೇರಿಸಿ ಸಹಿ ಹಾಕುತ್ತಾರೆ. ಜಗಳದ ಪ್ರಕರಣವಾದರೆ ಜನರ ನಿಜ ಹೆಸರು ಎಷ್ಟೋ ಸಲ ಇರುವುದಿಲ್ಲ. ರೂಬೇನ್ ಸಿಮೆಯೋನನಿಗೆ ಸಾಲ ಕೊಟ್ಟ, ಲೇಯಾ ಹೀಗೆ ದೂರು ಹೇಳಿದಳು ಅಂತ ಬೈಬಲಿನ ಹೆಸರು ಹಾಕುತ್ತಾರೆ. ಯಾರ ಮಾನವೂ ಹೋಗುವುದಿಲ್ಲ. ಬೇರೆ ಊರಿನವರು ಅದನ್ನು ಮಾದರಿಯಾಗಿ ಓದಬಹುದು.

ಮೇಯಿರ್ ರೋಥೆನ್‌ಬರ್ಗ್ ಅವರ ವಿಷಯ ಕೇಳಿ. ಜರ್ಮನಿಯ ಯೆಹೂದಿಗಳಿಗೆಲ್ಲ ಅವರೇ ದೊಡ್ಡವರು. 1286ರಲ್ಲಿ ರುಡಾಲ್ಫ್ ದೊರೆ ಹಿಡಿಸಿ ಕೋಟೆಯಲ್ಲಿ ಹಾಕಿದ. ಬಿಡಿಸಿಕೊಳ್ಳಲು ಜನ ಹಣ ಕೂಡಿಸಿದರೂ ಅವರು ಬೇಡ ಎಂದರು ಎನ್ನುತ್ತಾರೆ. ನನಗಾಗಿ ಕೊಟ್ಟರೆ ನಾಳೆ ಎಲ್ಲ ರಬ್ಬಿಗಳನ್ನೂ ಹಿಡಿದು ಹಣ ಕೇಳುತ್ತಾರೆ ಎಂಬ ಕಾರಣಕ್ಕೆ. ಸೆರೆಯಲ್ಲಿದ್ದೇ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಕೈಯಲ್ಲಿ ಬೇಕಾದ ಗ್ರಂಥಗಳಿಲ್ಲ, ನೆನಪಿನಿಂದ ಬರೆಯಬೇಕು. 1293ರಲ್ಲಿ ಅಲ್ಲೇ ತೀರಿಕೊಂಡರು. ಹೆಣವನ್ನೂ ಬಿಟ್ಟುಕೊಟ್ಟಿದ್ದು 14 ವರ್ಷದ ನಂತರ, ಒಬ್ಬ ವ್ಯಾಪಾರಿ ಹಣ ಕಟ್ಟಿದ ಮೇಲೆ. ಇಂಥವರ ಮಾತನ್ನು ಜನ ಕೇಳುತ್ತಿದ್ದದ್ದು ಯಾಕೆ ಅಂತ ಕೇಳಿದರೆ ಇದಕ್ಕೇ.

ಟೀಚರಮ್ಮ

ಎಲ್ಲ ಓದಿದೆ. ಮನಸ್ಸಿಗೆ ನಾಟಿತು. ಆದರೆ ಬರೆದವರೂ ಗಂಡಸರು, ಉತ್ತರಿಸಿದವರೂ ಗಂಡಸರು. ಹೆಂಗಸರ ಪಾಡು ಈ ಕಾಗದಗಳಲ್ಲಿ ಎಲ್ಲಿದೆ?

ಹಳೇ ಕಾಗದ

ಟೀಚರಮ್ಮ, ನಿಜ ಹೇಳಬೇಕೆಂದರೆ ಅತಿ ಕಷ್ಟದ ಪ್ರಶ್ನೆಗಳೆಲ್ಲ ಹೆಂಗಸರ ಬದುಕಿನವೇ. 'ಅಗುನಾ' ಅಂತ ಒಂದು ಪದ ಇದೆ. ಕಟ್ಟಿಹಾಕಿದವಳು ಅಂತ ಅರ್ಥ. ಗಂಡ ಕಾಣೆಯಾಗಿದ್ದಾನೆ, ಸತ್ತಿದ್ದಕ್ಕೆ ಸಾಕ್ಷಿ ಇಲ್ಲ. ಇಲ್ಲವೇ ಇದ್ದೂ ವಿಚ್ಛೇದನ ಪತ್ರ ಕೊಡುವುದಿಲ್ಲ. ಅವಳು ಇನ್ನೊಂದು ಮದುವೆ ಆಗುವ ಹಾಗಿಲ್ಲ. ವ್ಯಾಪಾರಕ್ಕೆ ಹಡಗು ಹತ್ತುವ ಕಾಲದಲ್ಲಿ ಇದು ಎಷ್ಟು ಮನೆಗಳ ಕಥೆ ಆಗಿರಬೇಕು ಯೋಚಿಸಿ.

ಬೇರೆ ವಿಷಯಕ್ಕೆ ಇಬ್ಬರು ಸಾಕ್ಷಿ ಬೇಕು ಎನ್ನುವ ಶಾಸ್ತ್ರ, ಇಲ್ಲಿ ಒಬ್ಬ ಸಾಕು ಎನ್ನುತ್ತದೆ. ಹೆಂಗಸಿನ ಸಾಕ್ಷಿಯೂ ನಡೆಯುತ್ತದೆ. ಅವಳನ್ನು ಬಿಡಿಸಲು ರಬ್ಬಿಗಳು ಸಣ್ಣ ಸಣ್ಣ ಸುಳಿವನ್ನೂ ಹಿಡಿದು ಹತ್ತಾರು ಪುಟ ಬರೆದಿದ್ದಾರೆ. ಬಟ್ಟೆಯ ಗುರುತು, ಮೈಮೇಲಿನ ಮಚ್ಚೆ, ದಾರಿಹೋಕ ಆಡಿದ ಒಂದು ಮಾತು. 19ನೇ ಶತಮಾನದಲ್ಲಿ ಲಿಥುವೇನಿಯದ ಕೋವ್ನೋ ಊರಿನ ರಬ್ಬಿ ಯಿತ್ಝಾಕ್ ಎಲ್ಹಾನಾನ್ ಸ್ಪೆಕ್ಟರ್ ಅವರ ಹತ್ತಿರ ಇಂಥ ಕಾಗದಗಳು ರಾಶಿ ಬರುತ್ತಿದ್ದವು. ಒಬ್ಬರೇ ಹೇಳಿದರೆ ಭಾರ ಜಾಸ್ತಿ ಅಂತ ಇನ್ನೂ ಇಬ್ಬರು ಮೂವರು ದೊಡ್ಡವರ ಒಪ್ಪಿಗೆ ಪಡೆಯುವುದೂ ಇತ್ತು. ಹೀಗಾಗಿ ಒಬ್ಬಳು ಹೆಂಗಸಿಗಾಗಿ ಮೂರು ನಾಲ್ಕು ಊರುಗಳ ನಡುವೆ ಕಾಗದ ಓಡಾಡುತ್ತಿತ್ತು.

1968ರ ಜನವರಿಯಲ್ಲಿ ಇಸ್ರೇಲಿನ ದಾಕಾರ್ ಎಂಬ ಜಲಾಂತರ್ಗಾಮಿ 69 ಜನರೊಂದಿಗೆ ಮುಳುಗಿತು. ಎಲ್ಲಿ ಅಂತ ಯಾರಿಗೂ ಗೊತ್ತಾಗಲಿಲ್ಲ. ಅವರ ಹೆಂಡತಿಯರ ಗತಿ ಏನು? ರಬ್ಬಿ ಶ್ಲೋಮೋ ಗೋರೆನ್ ಮರುಮದುವೆ ಆಗಬಹುದು ಎಂದು ತೀರ್ಪು ಬರೆದರು. ಹಡಗಿನ ಅವಶೇಷ ಸಿಕ್ಕಿದ್ದು 1999ರಲ್ಲಿ. ಸಾಕ್ಷಿ ಸಿಗಲಿ ಅಂತ ಕಾದಿದ್ದರೆ ಅವರ ಆಯಸ್ಸು ಅರ್ಧ ಕಳೆದುಹೋಗುತ್ತಿತ್ತು.

ಆದರೆ ಗಂಡ ಬದುಕಿದ್ದು, ಹಟಕ್ಕೆ ಪತ್ರ ಕೊಡದಿದ್ದರೆ ಏನು ಎಂಬುದಕ್ಕೆ ಇನ್ನೂ ಪೂರ್ತಿ ದಾರಿ ಸಿಕ್ಕಿಲ್ಲ. ಇವತ್ತಿಗೂ ಹೆಂಗಸರು ಹೋರಾಡುತ್ತಿದ್ದಾರೆ. ಅದು ಈ ಪರಂಪರೆಯ ಮೇಲಿರುವ ಸಾಲ ಅಂತಲೇ ನಾನು ಹೇಳುತ್ತೇನೆ.

ಟೀಚರಮ್ಮ

ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್. ನಾನೂ ಒಂದು ಸೇರಿಸುತ್ತೇನೆ. ಸುಮಾರು 1000ನೇ ಇಸವಿಯ ಹೊತ್ತಿಗೆ ಮೈನ್ಜ್ ಊರಿನಲ್ಲಿದ್ದ ರಬ್ಬೇನು ಗೇರ್ಶೋಮ್ ಅವರ ಹೆಸರಿನಲ್ಲಿ ಕೆಲವು ಕಟ್ಟಳೆಗಳಿವೆ. ಎರಡು ಹೆಂಡತಿ ಕೂಡದು. ಹೆಂಡತಿ ಒಪ್ಪದೆ ವಿಚ್ಛೇದನ ಕೂಡದು. ಇದರ ಜೊತೆಗೇ ಇನ್ನೊಂದು: ಬೇರೆಯವರ ಕಾಗದ ಒಡೆದು ಓದಬಾರದು! ಓದಿದವನಿಗೆ ಬಹಿಷ್ಕಾರ. ಕಾಗದದ ಹೊರಗೆ ಇದನ್ನು ನೆನಪಿಸುವ ಅಕ್ಷರಗಳನ್ನು ಗುರುತಾಗಿ ಬರೆಯುತ್ತಿದ್ದರು. ಅಂಚೆ ಇಲಾಖೆ ಇಲ್ಲದ ಕಾಲ. ಕಾಗದ ಒಯ್ಯುವವನು ವ್ಯಾಪಾರಿ. ಒಳಗೆ ಒಬ್ಬ ಹೆಂಗಸಿನ ಗುಟ್ಟು ಇರಬಹುದು, ಒಂದು ಮನೆಯ ಸಾಲ ಇರಬಹುದು. ಈ ಒಂದು ಕಟ್ಟಳೆ ನನಗೆ ತುಂಬಾ ಹಿಡಿಸಿತು. ನಾನು ಹಾಸ್ಟೆಲ್‌ನಲ್ಲಿದ್ದಾಗ ಮನೆಯಿಂದ ಬಂದ ಇನ್‌ಲ್ಯಾಂಡ್ ಲೆಟರ್ ಯಾರೋ ಒಡೆದು ಓದಿ ವಾಪಸ್ ಅಂಟಿಸಿಡುತ್ತಿದ್ದರು. ಆಗಿನ ಸಂಕಟ ಈಗಲೂ ನೆನಪಿದೆ.

ಹೈಫಾದಿಂದ

ನಮಸ್ತೆ. ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದು ಜಾಸ್ತಿ. ಊರು ಉಡುಪಿ ಕಡೆ. ಇಸ್ರೇಲಿನಲ್ಲಿ ವಯಸ್ಸಾದ ಒಬ್ಬ ಅಮ್ಮನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನೀವು ಹೇಳುವ ಪ್ರಶ್ನೆ ಉತ್ತರ ನಾನು ದಿನಾ ಕಣ್ಣಾರೆ ನೋಡುತ್ತೇನೆ.

ಬಂದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಇಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಎರಡನ್ನೂ ಬೆರೆಸುವ ಹಾಗಿಲ್ಲ. ನಾನು ಮಾಂಸದ ಸೌಟನ್ನು ಹಾಲಿನ ಪಾತ್ರೆಗೆ ಹಾಕಿ ತಿರುಗಿಸಿಬಿಟ್ಟೆ. ಅಮ್ಮ ಬೈಯಲಿಲ್ಲ. ರಬ್ಬಿಗೆ ಫೋನ್ ಮಾಡಿದರು. ಅವರು ಕೇಳಿದ್ದು ಎರಡು ಮಾತು. ಹಾಲು ಬಿಸಿ ಇತ್ತಾ, ತಣ್ಣಗಿತ್ತಾ? ಆ ಸೌಟಿನಲ್ಲಿ ಬಿಸಿ ಮಾಂಸದ ಅಡುಗೆ ಮಾಡಿ 24 ಗಂಟೆ ಆಗಿದೆಯಾ? ಹಾಲು ತಣ್ಣಗಿತ್ತು. ಹಾಗಾದರೆ ತೊಳೆದು ಇಟ್ಟರೆ ಸಾಕು ಎಂದರು. ನಾನು ಹೆದರಿ ನಿಂತಿದ್ದೆ. ಆ ಹುಡುಗಿಗೆ ಏನೂ ಆಗಿಲ್ಲ, ಹೆದರಬೇಡ ಅಂತ ಹೇಳಿ ಎಂದೂ ಸೇರಿಸಿದರಂತೆ. ಅಮ್ಮ ಹೇಳಿದಾಗ ಕಣ್ಣಲ್ಲಿ ನೀರು ಬಂತು.

ಇಲ್ಲಿ ಶುಕ್ರವಾರ ಸಿನಗಾಗ್‌ಗಳಲ್ಲಿ (ಯೆಹೂದಿಗಳ ಪ್ರಾರ್ಥನಾ ಮಂದಿರ) ಹಂಚುವ ಸಣ್ಣ ಪತ್ರಿಕೆಗಳಲ್ಲಿ ಮೊಬೈಲ್ ಮೆಸೇಜಿನಲ್ಲಿ ಕೇಳಿದ ಪ್ರಶ್ನೆಗಳೂ ರಬ್ಬಿಗಳ ಉತ್ತರಗಳೂ ಬರುತ್ತವೆ. ಒಂದು ಸಾಲಿನ ಪ್ರಶ್ನೆ, ಒಂದು ಸಾಲಿನ ಉತ್ತರ. ಅಮ್ಮನಿಗೆ ಅದು ಇಷ್ಟವಿಲ್ಲ. ಕಾರಣ ಹೇಳದ ಉತ್ತರ ಎಂಥ ಉತ್ತರ ಎನ್ನುತ್ತಾರೆ.

ವಕೀಲ ಹಾಸನ

ಹೈಫಾ ಮೇಡಂ, ನಿಮ್ಮ ಅಮ್ಮನ ಮಾತು ಬರೆದಿಟ್ಟುಕೊಂಡೆ.

ಹಾಲಿನ ಮಾತು ಬಂತಲ್ಲ, ನಾನು ಓದಿದ್ದು ಒಂದು ಹೇಳುತ್ತೇನೆ. ಹಳೇ ನಿಯಮದಂತೆ ಹಾಲು ಕರೆಯುವಾಗ ಒಬ್ಬ ಯೆಹೂದಿ ನೋಡುತ್ತಿರಬೇಕು. ಹಂದಿ, ಒಂಟೆ ಇಂಥ ನಿಷಿದ್ಧ ಪ್ರಾಣಿಯ ಹಾಲು ಬೆರೆಸಿಬಿಟ್ಟಾರು ಅಂತ. ಅಮೆರಿಕದಲ್ಲಿ ದೊಡ್ಡ ಡೈರಿಗಳ ಹಾಲು ಕುಡಿಯುವುದು ಹೇಗೆ? ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ಹೀಗೆ ವಾದಿಸಿದರು: ಕಲಬೆರಕೆ ಮಾಡಿದರೆ ಸರ್ಕಾರ ದಂಡ ಹಾಕುತ್ತದೆ, ಡೈರಿ ಮುಚ್ಚಿಸುತ್ತದೆ. ಆ ಭಯ ಇರುವುದರಿಂದ ಬೆರೆಸುವುದಿಲ್ಲ ಎಂಬುದು ನಮಗೆ ಖಚಿತ. ಖಚಿತವಾಗಿ ತಿಳಿದದ್ದು ಕಣ್ಣಿಂದ ನೋಡಿದ್ದಕ್ಕೆ ಸಮ. ಒಪ್ಪದ ರಬ್ಬಿಗಳೂ ಇದ್ದಾರೆ. ಆದರೆ ವಾದ ಎಷ್ಟು ಚೊಕ್ಕ ನೋಡಿ. ಶಾಸ್ತ್ರ ಮುರಿಯಲಿಲ್ಲ, ಮಕ್ಕಳಿಗೆ ಹಾಲೂ ಸಿಕ್ಕಿತು.

ಸಂತೆಪೇಟೆ

ಕ್ಷಮಿಸಿ, ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ ಅನ್ನಿಸಿತು. ಈ ಕಾಗದಗಳು ಬಾಗಿಲು ತೆಗೆದಷ್ಟೇ ಸಲ ಮುಚ್ಚಿವೆ ಕೂಡ.

1305ರಲ್ಲಿ ಬಾರ್ಸಿಲೋನಾದ ರಶ್ಬಾ ಎಂಬ ದೊಡ್ಡ ರಬ್ಬಿ ಮತ್ತು ಅವರ ಜೊತೆಗಿದ್ದವರು 25 ವರ್ಷ ತುಂಬದವರು ಗ್ರೀಕರ ತತ್ತ್ವಶಾಸ್ತ್ರ ಓದಬಾರದು ಎಂದು ನಿಷೇಧ ಹಾಕಿದರು. 50 ವರ್ಷದ ನಿಷೇಧ. ಅದರ ಹಿಂದೆ ದಕ್ಷಿಣ ಫ್ರಾನ್ಸಿನಿಂದ ಬಂದ ಕಾಗದಗಳ ಸರಮಾಲೆಯೇ ಇತ್ತು. 1818ರಲ್ಲಿ ಹ್ಯಾಂಬರ್ಗಿನಲ್ಲಿ ಹೊಸ ಪಂಥದವರು ಜರ್ಮನ್ ಭಾಷೆಯಲ್ಲಿ ಪ್ರಾರ್ಥನೆ, ಆರ್ಗನ್ ವಾದ್ಯ ಎಂದು ಶುರು ಮಾಡಿದಾಗ ಯುರೋಪಿನ ದೊಡ್ಡ ರಬ್ಬಿಗಳೆಲ್ಲ ಬರೆದ 22 ಅಭಿಪ್ರಾಯಗಳನ್ನು ಕೂಡಿಸಿ 1819ರಲ್ಲಿ ಅಚ್ಚು ಹಾಕಿದರು. ಎಲ್ಲವೂ ಬೇಡ ಎಂದೇ. ತಮ್ಮ ಮಾತಿನಲ್ಲಿ ದೇವರನ್ನು ಕರೆಯುವುದು ತಪ್ಪಾ? ವಚನ ಓದಿ ಬೆಳೆದ ನನಗೆ ಇದು ಅರಗುವುದಿಲ್ಲ.

ಇನ್ನು ನಮ್ಮ ಮುಂಬಯಿ, ಕೊಂಕಣ ಕಡೆಯ ಬೆನೆ ಇಸ್ರೇಲ್ ಎಂಬ ಯೆಹೂದಿ ಜನ. ಇಸ್ರೇಲಿಗೆ ಹೋದ ಮೇಲೆ ಅವರ ಮದುವೆ ಮಾಡಿಸಲು ಕೆಲವು ರಬ್ಬಿಗಳು ಒಪ್ಪಲಿಲ್ಲ. ಹಿಂದಿನ ತಲೆಮಾರಿನಲ್ಲಿ ವಿಚ್ಛೇದನ ಸರಿಯಾಗಿ ಆಗಿತ್ತೋ ಇಲ್ಲವೋ ಎಂಬ ಅನುಮಾನ. 1961ರಲ್ಲಿ ಮುಖ್ಯ ರಬ್ಬಿಗಳ ಮಂಡಳಿ ಮದುವೆ ಆಗಬಹುದು ಎಂದಿತು. ಮಾರನೇ ವರ್ಷವೇ ಹಿಂದಿನ ತಲೆಮಾರುಗಳನ್ನು ವಿಚಾರಿಸಿ ಎಂಬ ಸೂಚನೆ ಬಂತು. ಭಾರತದಿಂದ ಹೋದವರಿಗೆ ಮಾತ್ರ ಈ ವಿಚಾರಣೆ! 1964ರಲ್ಲಿ ಅವರು ಜೆರುಸಲೇಮಿನಲ್ಲಿ ಧರಣಿ ಕೂತರು. ಪಾರ್ಲಿಮೆಂಟು ನಡುವೆ ಬಂದ ಮೇಲೆ ಸೂಚನೆ ಬದಲಾಯಿತು. ಬದಲಾಯಿಸಿದ್ದು ಕಾಗದ ಅಲ್ಲ, ಬೀದಿಗೆ ಬಂದ ಜನ.

ಹಳೇ ಕಾಗದ

ಸಂತೆಪೇಟೆಯವರೇ, ಇಷ್ಟು ನೇರವಾಗಿ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮಾತು ಸುಳ್ಳಲ್ಲ. ಬೆನೆ ಇಸ್ರೇಲ್ ವಿಷಯ ಓದುವಾಗ ನನಗೂ ಸಿಟ್ಟು ಬಂದಿತ್ತು.

ಆದರೂ ಒಂದು ಘಟನೆ ಹೇಳುತ್ತೇನೆ. ಇದೇ ರದ್ಬಾಜ್ ಮುಂದೆ ಇನ್ನೊಂದು ಪ್ರಶ್ನೆ ಬಂದಿತ್ತು. ಇಥಿಯೋಪಿಯಾದಿಂದ ಸೆರೆ ಹಿಡಿದು ಈಜಿಪ್ಟಿಗೆ ತಂದು ಮಾರಿದ ಒಬ್ಬ ಹೆಂಗಸು ಮತ್ತು ಅವಳ ಮಗನ ಪ್ರಶ್ನೆ. ಇವರು ಯೆಹೂದಿಗಳಾ? ಹೌದು, ಇಸ್ರೇಲಿನ ಹಳೇ ಕುಲಗಳಲ್ಲಿ ಒಂದಾದ ದಾನ್ ಕುಲದವರು ಎಂದು ರದ್ಬಾಜ್ ಬರೆದರು. ಕಾಗದ ಹಾಗೇ ಉಳಿಯಿತು, ಮುಂದೆ ಅಚ್ಚಾಯಿತು. 400 ವರ್ಷ ಆಯಿತು. 1973ರಲ್ಲಿ ಇಥಿಯೋಪಿಯಾದ ಯೆಹೂದಿಗಳನ್ನು ಒಪ್ಪಬೇಕಾ ಎಂಬ ಪ್ರಶ್ನೆ ಎದ್ದಾಗ ಇಸ್ರೇಲಿನ ಸೆಫಾರ್ದಿ (ಸ್ಪೇನ್ ಮತ್ತು ಪೂರ್ವದೇಶಗಳ ಪರಂಪರೆಯ ಯೆಹೂದಿಗಳ) ಮುಖ್ಯ ರಬ್ಬಿ ಓವದಿಯಾ ಯೋಸೆಫ್ ಆ ಉತ್ತರವನ್ನು ಮುಂದಿಟ್ಟರು. ರದ್ಬಾಜ್ ಹೇಳಿದ್ದಾರೆ, ಇವರು ನಮ್ಮವರು, ಕಾಪಾಡಿ ಕರೆದು ತರಬೇಕು ಎಂದು ಬರೆದರು. ಇವರೂ ಕೆಲವು ವರ್ಷ ಕೈರೋದಲ್ಲೇ ರಬ್ಬಿಯಾಗಿದ್ದವರು. 1991ರಲ್ಲಿ ಒಂದೂವರೆ ದಿನದಲ್ಲಿ 14,000ಕ್ಕೂ ಜಾಸ್ತಿ ಜನರನ್ನು ವಿಮಾನಗಳಲ್ಲಿ ಕರೆತಂದರಲ್ಲ, ಅದಕ್ಕೆ ರಾಜಕೀಯ, ಹಣ, ಅಮೆರಿಕ ಎಲ್ಲ ಬೇಕಾಯಿತು. ಆದರೆ ಇವರು ನಮ್ಮವರು ಎಂಬ ಮಾತಿಗೆ ಆಧಾರ ಒಬ್ಬ ಸೆರೆಯಾಳು ಹೆಂಗಸಿನ ವಿಷಯದಲ್ಲಿ ಬರೆದ ಹಳೇ ಉತ್ತರ. ಹೋಗಿ ನೆಲೆ ನಿಂತ ಮೇಲೂ ಅವರಿಗೆ ಕಷ್ಟಗಳು ತಪ್ಪಲಿಲ್ಲ, ಅದೂ ನಿಜ.

ನಾನು ಮೊದಲು ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಅರ್ಧ ಉತ್ತರ ಇದು. ಒಂದೇ ಕೈ ಬರೆದ ಎರಡು ಕಾಗದ. ಒಂದನ್ನು ಕೊಚ್ಚಿಯವರು ಮೂಲೆಗೆ ಹಾಕಿದರು. ಇನ್ನೊಂದನ್ನು ಎತ್ತಿಕೊಳ್ಳುವ ಒಬ್ಬರು ಬಂದರು.

ಕಡಲಕರೆ

ಕೋವ್ನೋ ಹೆಸರು ಮೇಲೆ ಬಂತು, ಅದಕ್ಕೆ ಇದನ್ನು ಹೇಳಲೇಬೇಕು. 1941ರಿಂದ 1944ರವರೆಗೆ ನಾಜಿಗಳು ಕೋವ್ನೋದ ಯೆಹೂದಿಗಳನ್ನು ಗೆಟ್ಟೋದಲ್ಲಿ ಕೂಡಿಹಾಕಿದ್ದರು. ಅಲ್ಲಿ ಎಫ್ರಾಯಿಂ ಓಶ್ರೀ ಎಂಬ ಚಿಕ್ಕ ವಯಸ್ಸಿನ ರಬ್ಬಿ ಇದ್ದರು. ಜನ ಅವರ ಹತ್ತಿರ ಪ್ರಶ್ನೆ ತರುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ 'ನನ್ನನ್ನು ಗುಲಾಮನನ್ನಾಗಿ ಮಾಡದ ದೇವರೇ' ಎಂಬ ಸಾಲು ಇದೆ. ಗುಲಾಮರಿಗಿಂತ ಕಡೆಯಾಗಿ ಬದುಕುವ ನಾವು ಇದನ್ನು ಹೇಳಬಹುದಾ? ಹೇಳಲೇಬೇಕು ಎಂದರು ಓಶ್ರೀ. ಮೈ ಸೆರೆಯಾದರೂ ನಾವು ಸ್ವತಂತ್ರರು ಅಂತ ನಮಗೇ ನೆನಪಾಗಲಿ.

ಸಿಮೆಂಟ್ ಚೀಲದಿಂದ ಹರಿದ ಕಾಗದದ ಚೂರುಗಳಲ್ಲಿ ಪ್ರಶ್ನೆಗಳನ್ನು ಬರೆದು, ಡಬ್ಬಿಯಲ್ಲಿ ಹಾಕಿ ನೆಲದಲ್ಲಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಅಗೆದು ತೆಗೆದರು. ಕೇಳಿದವರಲ್ಲಿ ಬಹಳ ಜನ ಬದುಕಿರಲಿಲ್ಲ.

ಟೀಚರಮ್ಮ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾಳೆ ಸಾಯುವುದು ಗೊತ್ತಿದ್ದೂ ಇವತ್ತು ಸರಿಯಾದದ್ದು ಯಾವುದು ಎಂದು ಕೇಳುವವರು.

ಸಂತೆಪೇಟೆ

ನನಗೂ ಮಾತು ಹೊರಡಲಿಲ್ಲ.

ಕೊಚ್ಚಿಯ ಕಥೆ ಮುಂದೆ ಏನಾಯಿತು? ಯಾರಾದರೂ ಹೇಳಿ. ಹಾಗೇ ನಿಂತುಬಿಟ್ಟಿತಾ?

ಮಟ್ಟಂಚೇರಿ ನೋಡಿದವಳು

ಇದನ್ನು ನಾನು ಹೇಳುತ್ತೇನೆ. ಕೆಲಸದ ಮೇಲೆ ಎರಡು ವರ್ಷ ಕೊಚ್ಚಿಯಲ್ಲಿದ್ದೆ. ಮಟ್ಟಂಚೇರಿಯ ಪರದೇಶಿ ಸಿನಗಾಗ್‌ಗೆ ಹಲವು ಸಲ ಹೋಗಿದ್ದೇನೆ. ಕಟ್ಟಿದ್ದು 1568ರಲ್ಲಿ. ಎಲ್ಲರೂ ನೆಲದ ಮೇಲಿನ ನೀಲಿ ಬಿಳಿ ಚೀನೀ ಹಂಚುಗಳನ್ನು ನೋಡುತ್ತಾರೆ. ನಾನು ಹೊರಗಿನ ಮೊಗಸಾಲೆ ನೋಡುತ್ತಿದ್ದೆ. ಬಿಡುಗಡೆಯಾದ ಗುಲಾಮರ ಸಂತತಿ ಎನಿಸಿಕೊಂಡವರನ್ನು ಅಲ್ಲಿ ಕೂರಿಸುತ್ತಿದ್ದರು. ಒಳಗೆ ಉಳಿದವರ ಸಮ ಕೂರುವ ಹಾಗಿರಲಿಲ್ಲ. ತೋರಾ ಎಂಬ ಧರ್ಮಗ್ರಂಥ ಓದಲು ಅವರ ಹೆಸರು ಕರೆಯುತ್ತಿರಲಿಲ್ಲ. ಸತ್ತ ಮೇಲೆ ಸ್ಮಶಾನದಲ್ಲೂ ಜಾಗ ಬೇರೆ. ರದ್ಬಾಜ್ ಉತ್ತರ ಬಂದು 400 ವರ್ಷವಾದರೂ ಇದೇ ನಡೆದಿತ್ತು.

ಆ ಮನೆತನಗಳಲ್ಲಿ ಒಂದರಲ್ಲಿ 1882ರಲ್ಲಿ ಹುಟ್ಟಿದವರು ಎ. ಬಿ. ಸೇಲಂ. ಕಷ್ಟಪಟ್ಟು ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಯಲ್ಲೂ ಇದ್ದರು. ಗಾಂಧೀಜಿಯ ದಾರಿಯನ್ನೇ ಹಿಡಿದು ಸಿನಗಾಗ್‌ನಲ್ಲಿ ಸತ್ಯಾಗ್ರಹ ಮಾಡಿದರು. ಜನ ಅವರನ್ನು ಯೆಹೂದಿ ಗಾಂಧಿ ಎಂದೇ ಕರೆದರು. ಒಂದೊಂದೇ ಕಟ್ಟು ಸಡಿಲವಾಯಿತು. ಮೊದಲು ಒಳಗೆ ಕೂರಲು ಜಾಗ ಸಿಕ್ಕಿತು. ಆಮೇಲೆ ತೋರಾ ಓದಲು ಕರೆ ಬಂತು.

ಕೊನೆಗೆ ಉಳಿದದ್ದು ಮದುವೆ. ಅಂದರೆ ರದ್ಬಾಜ್‌ಗೆ ಕೇಳಿದ ಅದೇ ಪ್ರಶ್ನೆ. 1950ರಲ್ಲಿ ಸೇಲಂ ಅವರ ಮಗ ಪರದೇಶಿ, ಅಂದರೆ ಆ ಸಿನಗಾಗ್‌ನಲ್ಲಿ ಮೇಲಿನವರು ಎನಿಸಿಕೊಂಡ, ಒಂದು ಮನೆತನದ ಹುಡುಗಿಯನ್ನು ಮದುವೆಯಾದರು. ಆ ಸಿನಗಾಗ್‌ನಲ್ಲಿ ಆಗಲಿಲ್ಲ, ಮುಂಬಯಿಗೆ ಹೋಗಿ ಆದರು. ವಾಪಸ್ ಬಂದು ಕೊಚ್ಚಿಯಲ್ಲೇ ಬಾಳಿದರು.

ಸೇಲಂ 1967ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಹೆಚ್ಚಿನ ಮನೆಗಳವರು ಇಸ್ರೇಲಿಗೆ ಹೊರಟುಹೋಗಿದ್ದರು. ಯಾರು ಮೇಲು ಯಾರು ಕೀಳು ಎಂದು ಜಗಳವಾಡಲೂ ಬೀದಿಯಲ್ಲಿ ಜನ ಉಳಿದಿರಲಿಲ್ಲ. ಸಿನಗಾಗ್‌ಗೆ ಹೋಗುವ ಆ ಬೀದಿಗೆ ಈಗ ಅವರದೇ ಹೆಸರು. ನಾನು ಹೋದಾಗಲೆಲ್ಲ ಅಂಗಡಿಗಳ ಬೋರ್ಡಿನಲ್ಲಿ ವಿಳಾಸ ಓದುತ್ತಾ ನಡೆಯುತ್ತಿದ್ದೆ: ಎ. ಬಿ. ಸೇಲಂ ರಸ್ತೆ, ಮಟ್ಟಂಚೇರಿ.